ಅಣ್ಣ ಡಕೋಟಾ ಕಲಿಯಲು ಹೊರಟ ವರ್ಷ

ಹೋದ ವರ್ಷ ಒಂದು ಮದುವೆಗೆಂದು ಬೆಟಗೇರಿಗೆ ಹೋಗಿದ್ದೆ. ಊಟವಾದ ಮೇಲೆ ಎಲ್ಲರೂ ಫೋಟೋ ತೆಗೆಸಿಕೊಳ್ಳುವ ಗಡಿಬಿಡಿಯಲ್ಲಿದ್ದರು. ನನ್ನಂಥ ಎಂಬತ್ತು ದಾಟಿದ ಮುದುಕಿಯನ್ನು ಫೋಟೋದಲ್ಲಿ ಕೂಡಿಸಬೇಕೆಂದರೆ ಖುರ್ಚಿ ಹುಡುಕಬೇಕು, ಖುರ್ಚಿ ಸಿಕ್ಕರೆ ಹಿಡಿದು ಕೂಡಿಸಲು ಇಬ್ಬರು ಬೇಕು. ಅವರಿಗೇಕೆ ತೊಂದರೆ ಎಂದು ಕೋಲು ಹಿಡಿದು ನಮ್ಮ ಹಳೆಯ ಓಣಿಯ ಕಡೆ ಹೊರಟೆ. ನಮ್ಮ ಮನೆ ಇದ್ದ ಜಾಗದಲ್ಲಿ ಈಗ ಮೂರಂತಸ್ತಿನ ಕಟ್ಟಡ, ಕೆಳಗೆ ಔಷಧದ ಅಂಗಡಿ. ಅದನ್ನು ನೋಡಿ ನನಗೇನೂ ಅನ್ನಿಸಲಿಲ್ಲ. ಆದರೆ ಓಣಿಯ ಕೊನೆಗೆ ಒಬ್ಬಾತ ನೂಲಿನ ಹಾಸನ್ನು ಉದ್ದಕ್ಕೆ ಎಳೆದು ಕಟ್ಟಿ ಗಂಜಿ ಹಚ್ಚುತ್ತಿದ್ದ. ಹುಳಿ ಬಂದ ಗಂಜಿ, ಹಸಿ ನೂಲು, ಮೇಲೆ ಬಿಸಿಲು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಅಲ್ಲೇ ಒಂದು ಕಟ್ಟೆಯ ಮೇಲೆ ಕುಳಿತುಬಿಟ್ಟೆ. ಮುಂದಿನ ಅರ್ಧ ಗಂಟೆ ನಾನಿದ್ದದ್ದು ಕರ್ನಾಟಕ ಒಂದಾದ ವರ್ಷದಲ್ಲಿ, ನನ್ನ ಅಣ್ಣ ಈರಣ್ಣ ಡಕೋಟಾ ವಿಮಾನ ಕಲಿಯಲು ಹೊರಟ ವರ್ಷದಲ್ಲಿ.

ಆಗ ನನಗೆ ಹದಿನೆಂಟು. ನಮ್ಮ ಮನೆಯಲ್ಲಿ ಐದು ಕುಣಿಮಗ್ಗಗಳಿದ್ದವು, ನೆಲದಲ್ಲಿ ಕುಣಿ ತೋಡಿ ಅದರೊಳಗೆ ಕಾಲು ಇಳಿಬಿಟ್ಟು ನೇಯುವ ಮಗ್ಗಗಳು. ಒಂದರಲ್ಲಿ ಅಪ್ಪ, ಪಕ್ಕದಲ್ಲಿ ತಿಪ್ಪಣ್ಣ ಕಾಕಾ. ಕಾಕಾ ಎಂದರೂ ಅವನು ನಮ್ಮ ಸಂಬಂಧಿಕನಲ್ಲ. ಹರೆಯದಲ್ಲಿ ನೇಯ್ಗೆ ಕಲಿಯಲು ಬಂದವನು ನಮ್ಮಲ್ಲೇ ಕೂಲಿಗೆ ನೇಯುತ್ತ ನಲವತ್ತು ದಾಟಿದ್ದ. ಉಳಿದ ಮಗ್ಗಗಳಲ್ಲಿ ಅವನ ಹೆಂಡತಿ, ಇನ್ನೊಬ್ಬ ನೇಕಾರ, ಮತ್ತೆ ಆ ವರ್ಷ ಹೊಸದಾಗಿ ಕಲಿಯುತ್ತಿದ್ದ ಯಳವತ್ತಿಯ ಬಸಪ್ಪ. ಬಸಪ್ಪನಿಗೆ ಇಪ್ಪತ್ತೈದರ ಮೇಲಾಗಿತ್ತು, ಲಗ್ನವಾಗಿತ್ತು. ಪಾಲಿಗೆ ಬಂದ ಹೊಲ ಸಾಲದೆ ಮಗ್ಗಕ್ಕೆ ಬಂದಿದ್ದ.

ಕಲಿಯುವವನು ಮೊದಮೊದಲು ನೇಯುವುದೆಲ್ಲ ಕೆಡುತ್ತದೆ. ಎಳೆಗಳು ಹರಿಯುತ್ತವೆ, ಅಂಚು ಸೊಟ್ಟಗಾಗುತ್ತದೆ, ಸೀರೆ ಮಾರಾಟಕ್ಕೆ ಬರುವುದಿಲ್ಲ. ನಮ್ಮ ಮನೆಯ ಪದ್ಧತಿಯಲ್ಲಿ ಆ ಕೆಟ್ಟ ನೂಲಿನ ರೊಕ್ಕವನ್ನು ಕಲಿಯುವವನಿಂದ ಕೇಳುವಂತಿರಲಿಲ್ಲ. ಅದು ಮಗ್ಗದ ಮಾಲಕನ ತಲೆಗೆ. ಅದಕ್ಕೆ ಬದಲಾಗಿ, ಮೊದಲ ಒಳ್ಳೆಯ ಸೀರೆ ನೇಯ್ದು ಮಗ್ಗದಿಂದ ಇಳಿಸಿದ ದಿನದಿಂದ ಒಂದು ವರ್ಷ ಅವನು ಆ ಮನೆ ಬಿಟ್ಟು ಹೋಗಬಾರದು, ಅರ್ಧ ಕೂಲಿಗೆ ನೇಯಬೇಕು. ಕಾಗದವಿಲ್ಲ, ಸಾಕ್ಷಿಯಿಲ್ಲ. ಮಗ್ಗದ ಮೇಲೆ ಎಲೆ ಅಡಿಕೆ ಇಟ್ಟು ಇಬ್ಬರೂ ಮುಟ್ಟಿದರೆ ಮಾತು ಪಕ್ಕಾ. ಅಪ್ಪನಿಗೆ ಈ ಪದ್ಧತಿಯ ಮೇಲೆ ಭಾರೀ ಅಭಿಮಾನ. ಕಲಿಯುವವರಿಂದ ನೂಲಿನ ರೊಕ್ಕ ಹಿಡಿಯುವ ಮಾಲಕರೂ ಊರಲ್ಲಿದ್ದರು. ಅಂಥವರ ಮನೆಯಲ್ಲಿ ಅಪ್ಪ ಚಹಾ ಕುಡಿಯುತ್ತಿರಲಿಲ್ಲ, ಚಹಾ ಅವನಿಗೆ ಪ್ರಾಣವಾಗಿದ್ದರೂ.

ಇಂಥ ಮನೆಯ ಹಿರಿಯ ಮಗನಿಗೆ ಲಾಳಿ ಎಸೆಯಲು ಬರುತ್ತಿರಲಿಲ್ಲ. ಹತ್ತು ಸಲ ಎಸೆದರೆ ಆರು ಸಲ ನೆಲಕ್ಕೆ. ಮ್ಯಾಟ್ರಿಕ್ ಮುಗಿಸಿ, ಗಿರಣಿಯಲ್ಲಿ ಕಾರಕೂನನಾಗುತ್ತೇನೆಂದು ಮುಂಬೈಗೆ ಹೋದ. ಆಗ ನಾವೂ ಮುಂಬೈ ರಾಜ್ಯದವರೇ ಆದ್ದರಿಂದ ಅದು ಪರಊರು ಅನ್ನಿಸುತ್ತಿರಲಿಲ್ಲ. ಅಲ್ಲಿ ಯಾರ ಗೆಳೆತನವಾಯಿತೋ, ಫ್ಲೈಯಿಂಗ್ ಕ್ಲಬ್ ಸೇರಿಕೊಂಡ. ಸರ್ಕಾರದ ಸಹಾಯವಿತ್ತು, ಉಳಿದದ್ದಕ್ಕೆ ಇವನ ಪಗಾರವೆಲ್ಲ ಹೋಯಿತು. ಆ ವರ್ಷದ ಆಷಾಢದಲ್ಲಿ ಲೈಸೆನ್ಸ್ ಹಿಡಿದು ಮನೆಗೆ ಬಂದಾಗ ಕೊರಳಿನ ಎಲುಬು ಎದ್ದು ಕಾಣುತ್ತಿತ್ತು.

ಆಷಾಢ ನೇಕಾರರಿಗೆ ಸಿಡಿಮಿಡಿಯ ಕಾಲ. ಕಪ್ಪತಗುಡ್ಡದ ಕಡೆಯಿಂದ ಒಣ ಗಾಳಿ ಬೀಸಿ ಹಾಸಿನ ಎಳೆಗಳು ಪಟಪಟ ಹರಿಯುತ್ತವೆ. ಮಗ್ಗದಲ್ಲಿ ಕುಳಿತವರೆಲ್ಲ ಯಾರನ್ನೋ ಬೈಯುತ್ತಿರುತ್ತಾರೆ. ಅವ್ವ ಮಾತ್ರ ಓಣಿಯ ಮನೆಮನೆಗೂ ಸಕ್ಕರೆ ಹಂಚಿ, ನಮ್ಮ ಈರಣ್ಣ ವಿಮಾನ ನಡಸ್ತಾನ ಎಂದು ಹೇಳಿಬಂದಳು. ಸಂಜೆ ಅಪ್ಪ ಕೇಳಿದ:

"ನೌಕರಿ ಯಾವಾಗಿಂದ?"

"ನೌಕರಿ ಇನ್ನ ಇಲ್ಲಪಾ. ಇನ್ನೊಂದು ಕಲಿಯೂದೈತಿ."

"ಲೈಸೆನ್ಸ್ ಸಿಕ್ಕೈತಿ ಅಂದಿ?"

"ಅದು ಸಣ್ಣ ವಿಮಾನದ್ದು. ಕಂಪನಿಯವರು ನಡಸೂದು ಡಕೋಟಾ. ಒಂದೊಂದು ನಮೂನಿ ವಿಮಾನಕ್ಕ ಬ್ಯಾರೆ ಬ್ಯಾರೆ ಕಲಿಬೇಕು, ಬ್ಯಾರೆ ಪರೀಕ್ಷಾ ಕೊಡಬೇಕು. ಅದರ ಶಿಕ್ಕಾ ಲೈಸೆನ್ಸಿನ ಮ್ಯಾಲ ಬಿದ್ರನ ಒಳಗ ಕುಂಡ್ರಾಕ ಬಿಡತಾರ."

ಅವ್ವನಿಗೆ ಇದು ತಲೆಗೆ ಹೋಗಲಿಲ್ಲ. ಅವಳಿಗೆ ಹಂಚಿದ ಸಕ್ಕರೆಯ ಚಿಂತೆ. ಅಪ್ಪನಿಗೆ ತಕ್ಷಣ ತಿಳಿಯಿತು.

"ಖರೆ ಐತಿ. ನಾ ನೂಲಿನ ಸೀರಿ ನೇಯಾಂವ. ನನ್ನ ರೇಷ್ಮಿ ಮಗ್ಗದಾಗ ಕುಂಡ್ರಿಸಿದ್ರ ಮೊದಲನೇ ದಿನಾನ ಎಲ್ಲಾ ಹರದು ಇಡತೇನಿ. ಅದನ್ನ ಯಾರು ಕಲಸ್ತಾರ?"

ಕಲ್ಕತ್ತಾದಲ್ಲಿ ಒಂದು ಖಾಸಗಿ ಕಂಪನಿ ಇತ್ತು. ಅಸ್ಸಾಮಿನ ಗುಡ್ಡಗಳ ಕಡೆ ಅಕ್ಕಿ, ಎಣ್ಣೆ, ಔಷಧ ಸಾಗಿಸುವ ಡಕೋಟಾಗಳು ಅವರಲ್ಲಿದ್ದವು. ದೀಪಾವಳಿ ಆದ ಮೇಲೆ ಕೆಲವು ಹೊಸಬರನ್ನು ತೆಗೆದುಕೊಳ್ಳುತ್ತಿದ್ದರು. ಆದರೆ ಡಕೋಟಾ ಕಲಿಯುವ ಖರ್ಚು ಹುಡುಗರದೇ. ಈರಣ್ಣ ಆ ಮೊತ್ತ ಹೇಳಿದಾಗ ಅಪ್ಪನ ಅಂಗೈಯಲ್ಲಿ ತಂಬಾಕು ತಿಕ್ಕುವುದು ನಿಂತಿತು. ಐದೂ ಮಗ್ಗ ಮಾರಿ, ಮನೆಯ ಮುಂದಿನ ಅರ್ಧ ಮಾರಿದರೆ ಆಗುವಷ್ಟು ಅದು. ಈ ಸಲ ತಪ್ಪಿದರೆ ಮುಂದಿನ ಸಲ ಕಾಯಬಹುದಲ್ಲ ಎಂದರೆ ಅದೂ ಇಲ್ಲ. ಹಾರದೆ ಕುಳಿತರೆ ಕೈಯಲ್ಲಿರುವ ಲೈಸೆನ್ಸಿನ ಅವಧಿಯೂ ಮುಗಿಯುತ್ತದೆ, ಮೂರು ವರ್ಷ ಅರೆಹೊಟ್ಟೆ ಉಂಡು ಕಲಿತದ್ದು ಕಾಗದವಾಗಿ ಉಳಿಯುತ್ತದೆ.

"ಅಂದ್ರ ಸೀರಿ ಅವರು ಮಾರಕೊಂಡು, ಕೆಟ್ಟ ನೂಲಿನ ರೊಕ್ಕ ನಮ್ಮ ಕಡೆ ಕೇಳತಾರ" ಎಂದ ಅಪ್ಪ. ಅವತ್ತಿನಿಂದ ದೀಪಾವಳಿಯವರೆಗೆ ನಮ್ಮ ಮನೆಯಲ್ಲಿ ಬೇರೆ ಮಾತಿರಲಿಲ್ಲ.

ಶ್ರಾವಣದ ಜಿಟಿಜಿಟಿ ಮಳೆ ಹಿಡಿಯಿತು. ಗಂಜಿ ಹಚ್ಚಿದ ಹಾಸು ಒಣಗುವುದಿಲ್ಲ, ನೇಕಾರರಿಗೆ ಕೈಗೆ ಕೆಲಸವಿಲ್ಲ. ಆದ್ದರಿಂದ ಈರಣ್ಣನ ಡಕೋಟಾದ ಖರ್ಚು ಯಾರು ಕೊಡಬೇಕು ಎಂಬ ಚರ್ಚೆಗೆ ಜನ ಸಾಕಷ್ಟು ಸಿಕ್ಕರು. ನಮ್ಮ ಸೀರೆ ಕೊಳ್ಳುವ ಲಕ್ಷ್ಮೇಶ್ವರದ ವ್ಯಾಪಾರಿ ಕೊಡೆ ಮಡಚುತ್ತಲೇ ತೀರ್ಪು ಕೊಟ್ಟ: "ಸ್ವರಾಜ್ಯ ಬಂದೈತ್ರಿ. ಸರ್ಕಾರ ಕೊಡಬೇಕು. ನಾವು ಸಂಸ್ಥಾನದಾಗ ಇದ್ದಾಗಾದ್ರ ರಾಜರ ಮುಂದ ಹೋಗಿ ನಿಂತಿರತಿದ್ವಿ." ವಿಮಾನ ಹತ್ತುವವರು ಟಿಕೀಟಿನಲ್ಲಿ ಕೊಡಲಿ ಎಂದರು ಕೆಲವರು. ಈ ವಿಮಾನ ಹತ್ತುವುದು ಅಕ್ಕಿ ಚೀಲ ಎಂದು ಈರಣ್ಣ ತಿಳಿಸಿ ಹೇಳಬೇಕಾಯಿತು. ಯಾರು ಕಲಿಯುತ್ತಾರೋ ಅವರೇ ಕೊಡಬೇಕು, ಮುಂದೆ ದುಡಿಯುವವನು ಅವನೇ ತಾನೆ ಎಂದ ಒಬ್ಬ ಮಾಲಕ. ಅಪ್ಪ ಚಹಾ ಕುಡಿಯದ ಮನೆಯವನು ಅವನು.

ಡೋಣಿಯಿಂದ ಸೋದರಮಾವ ಬಂದ. ಹೊಲಮನೆ ಇದ್ದವನು, ಹೆಸರು ಬೆಳೆ ಚೆನ್ನಾಗಿ ಬಂದ ಖುಷಿಯಲ್ಲಿದ್ದ. ರೊಟ್ಟಿ ಉಂಡು ಕೈ ತೊಳೆದು, "ಖರ್ಚು ನಾ ಕೊಡತೇನಿ ತಗೋರಿ. ನಮ್ಮ ಗಿರಿಜಾನ ತಂದ್ಕೊರಿ, ಮುಗದಹೋತು" ಎಂದ. ಅವ್ವನ ಮುಖ ಅರಳಿತು.

"ಗಿರಿಜಾನ ಕೇಳಿಯೇನು ಮಾಮಾ?" ಎಂದು ಈರಣ್ಣ ಕೇಳಿದ.

"ಅಕಿನ್ನೇನ್ ಕೇಳೂದು? ಹಾರಾಡೋ ಗಂಡ ಯಾರಿಗ ಸಿಗತಾನ?"

ಮಾಮಾನ ಮಗಳು ಗಿರಿಜಾ ನನ್ನ ಓರಿಗೆಯವಳು, ನನಗಿಂತ ಬಾಯಿ ಜೋರು. ಎಂಟು ದಿನಕ್ಕೆ ನನಗೆ ಕಾಗದ ಹಾಕಿದಳು. ನಿಮ್ಮ ಅಣ್ಣ ಭಾಳ ಚಲೋ ಮನುಷ್ಯ, ಖರೆ ನನಗ ಭೂಮಿ ಮ್ಯಾಲ ನಡಿಯಾಂವ ಬೇಕು, ನೀನ ಏನರ ಮಾಡಿ ತಪ್ಪಿಸು, ಎಂದು ಬರೆದಿದ್ದಳು. ಅದನ್ನು ಈರಣ್ಣನಿಗೆ ಓದಿ ಹೇಳಿದೆ. ಬಹಳ ದಿನಗಳ ಮೇಲೆ ಅವನು ನಕ್ಕದ್ದು ಅವತ್ತೇ. ಈರಣ್ಣ ಒಲ್ಲೆನೆಂದದ್ದಕ್ಕೆ ಮಾಮಾ ಮಾತ್ರ ಎರಡು ವರ್ಷ ನಮ್ಮ ಮನೆಯ ಹೊಸ್ತಿಲು ತುಳಿಯಲಿಲ್ಲ.

ಅಪ್ಪ ಯಾರ ಮಾತನ್ನೂ ಒಪ್ಪಲಿಲ್ಲ. ಅವನ ಪ್ರಕಾರ ಇದರಲ್ಲಿ ಚರ್ಚೆಗೆ ಜಾಗವೇ ಇರಲಿಲ್ಲ. ಒಂದು ಮಧ್ಯಾಹ್ನ ಈರಣ್ಣ ಹೊರಗೆ ಹೋದದ್ದನ್ನು ನೋಡಿ ನನ್ನನ್ನು ಕರೆದ. ನಾನು ಮ್ಯಾಟ್ರಿಕ್ ಮುಗಿಸಿದ ಮೇಲೆ ಮನೆಯ ಇಂಗ್ಲಿಷೆಲ್ಲ ನನ್ನ ಪಾಲಿಗೆ ಬಂದಿತ್ತು.

"ಕಲ್ಕತ್ತಾದ ಕಂಪನಿಗೆ ಕಾಗದ ಬರಿಯವ್ವಾ. ನಮ್ಮ ಮಗ್ಗದ ಪದ್ಧತಿ ಅವರಿಗೆ ಗೊತ್ತಿಲ್ಲ, ಪಾಪ. ತಿಳಿಸಿ ಹೇಳಿದ್ರ ಒಪ್ಪತಾರ."

ನಾನು ಬರೆದೆ. ಹಾಸು, ಹೊಕ್ಕು, ಕೆಟ್ಟ ನೂಲು, ಒಂದು ವರ್ಷದ ಅರ್ಧ ಕೂಲಿ, ಎಲ್ಲವನ್ನೂ ನನಗೆ ಬರುವ ಇಂಗ್ಲಿಷಿಗೆ ಹೊಂದಿಸಿ ಮೂರು ಪುಟ ತುಂಬಿಸಿದೆ. ನನ್ನ ಮಗನಿಗೆ ನೀವೇ ಕಲಿಸಿರಿ, ಖರ್ಚು ನಿಮ್ಮದಿರಲಿ, ಅವನು ನಿಮ್ಮಲ್ಲಿ ಉಳಿಯುತ್ತಾನೆ, ಇದು ನನ್ನ ಮಾತು, ಎಂದು ಕೊನೆಗೆ. ಅಪ್ಪ ಸಹಿ ಮಾಡಿ, ಲಕೋಟೆಯೊಳಗೆ ಒಂದು ವೀಳ್ಯದೆಲೆ ಮತ್ತು ಒಂದು ಅಡಿಕೆ ಇಟ್ಟ. ಬೇಡ ಅಪ್ಪಾ ಎಂದೆ. ಎಲಿ ಅಡಿಕಿ ಇಲ್ದ ಮಾತು ಹೆಂಗಾಗತೈತಿ ಎಂದು ನನ್ನನ್ನೇ ಗದರಿದ. ಅಡಿಕೆಯ ಉಬ್ಬು ನೋಡಿ ಪೋಸ್ಟಿನಲ್ಲಿ ಹೆಚ್ಚಿಗೆ ಟಿಕೀಟು ಹಚ್ಚಿಸಿದರು.

ಇದು ಗೊತ್ತಾದಾಗ ಈರಣ್ಣ ನನ್ನ ಮೇಲೆ ಹಾರಿಬಿದ್ದ. ಆಮೇಲೆ ಅಪ್ಪನ ಮುಂದೆ ನಿಂತ.

"ನನ್ನ ಹಿಂದ ಎಷ್ಟು ಮಂದಿ ನಿಂತಾರ ಗೊತ್ತೈತೇನಪಾ? ಎಲ್ಲಾರೂ ತಮ್ಮ ರೊಕ್ಕದಾಗ ಕಲಿಯಾಕ ತಯಾರದಾರ. ನೀ ಎಲಿ ಅಡಿಕಿ ಕಳಿಸಿದಿ. ಅವರು ನಕ್ಕು ನನ್ನ ಅರ್ಜಿನ ಹರದು ಒಗಿತಾರ."

"ನಗಲಿ. ತಪ್ಪು ಹೇಳಿವೇನು?"

"ಮಗ್ಗಾ ಮಾರಪಾ. ನಾಕ ವರ್ಷದಾಗ ಹತ್ತು ಮಗ್ಗಾ ಕೊಡಸ್ತೇನಿ."

"ಮಾರಿದ್ರ ಇವರು ಎಲ್ಲಿ ಕುಂಡ್ರಬೇಕು?" ಎಂದು ಅಪ್ಪ ಮಗ್ಗಗಳ ಕಡೆ ಕೈ ಮಾಡಿದ. ತಿಪ್ಪಣ್ಣ ಕಾಕಾ ತಲೆ ಎತ್ತಲಿಲ್ಲ. ಈರಣ್ಣ ಎರಡು ದಿನ ಉಣ್ಣಲಿಲ್ಲ. ಮೂರನೆಯ ದಿನ ಅವ್ವ ತಾಟು ತಂದು ಮುಂದಿಟ್ಟು, ತಾನೂ ಉಪವಾಸ ಕುಳಿತಿದ್ದೇನೆಂದು ಸುಳ್ಳು ಹೇಳಿ ಉಣಿಸಿದಳು.

ದಸರೆ ಹೋಯಿತು. ಬಸಪ್ಪ ತನ್ನ ಮೊದಲ ಒಳ್ಳೆಯ ಸೀರೆ ಇಳಿಸಿದ. ಎಲೆ ಅಡಿಕೆ ಮುಟ್ಟಿ ಅವನ ವರ್ಷ ಶುರುವಾಯಿತು. ಹೊಲಗಳಲ್ಲಿ ಹಿಂಗಾರಿ ಜೋಳ ಮೊಳಕೆ ಒಡೆದಿತ್ತು. ಕಲ್ಕತ್ತಾದಿಂದ ಸುದ್ದಿಯಿಲ್ಲ. ಆ ವರ್ಷ ದೀಪಾವಳಿಯೂ ಏಕೀಕರಣದ ಹಬ್ಬವೂ ಜೊತೆಜೊತೆಗೇ ಬಂದವು. ಗದಗಿನ ಬೀದಿಗಳಲ್ಲಿ ಕಮಾನು, ತೋರಣ, ಮೆರವಣಿಗೆಗೆ ಹೊರಟ ಶಾಲೆಯ ಮಕ್ಕಳ ಕೂಗು. ಗುರುತಿಲ್ಲದವರೂ ಒಬ್ಬರನ್ನೊಬ್ಬರು ತಬ್ಬಿಕೊಳ್ಳುತ್ತಿದ್ದರು. ಅವ್ವ ಮಾತ್ರ, "ಹಂಗಾದ್ರ ಮುಂಬೈ ಈಗ ಬ್ಯಾರೆಯವರ ಊರಾತೇನು?" ಎಂದು ನಾಲ್ಕು ಸಲ ಕೇಳಿದಳು. ನಾವು ಅದುವರೆಗೆ ಒಂದು ರಾಜ್ಯದ ಕೊನೆಯ ತುದಿಯಲ್ಲಿದ್ದೆವು, ಈಗ ನಮ್ಮದೇ ರಾಜ್ಯದ ನಡುವೆ ಬಂದೆವು. ನನಗೆ ಬಹಳ ಖುಷಿಯಾಗಿತ್ತು. ಆ ಖುಷಿಯನ್ನು ಮನೆಯಲ್ಲಿ ತೋರಿಸಲು ಮಾತ್ರ ಅಂಜಿಕೆ, ಈರಣ್ಣ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದ.

ಆ ಗದ್ದಲದ ನಡುವೆಯೇ ಅಂಚೆಯವನು ಉದ್ದನೆಯ ಲಕೋಟೆ ತಂದುಕೊಟ್ಟ. ಐದೂ ಮಗ್ಗ ನಿಂತವು. ನಾನು ನಡುವೆ ನಿಂತು ಓದುತ್ತ, ಕನ್ನಡದಲ್ಲಿ ಹೇಳುತ್ತ ಹೋದೆ.

ಕಂಪನಿ ಡಕೋಟಾ ಕಲಿಸುವ ಪೂರ್ತಿ ಖರ್ಚನ್ನು ತಾನೇ ಹೊರಲು ಒಪ್ಪಿತ್ತು. ಈರಣ್ಣ ನನ್ನ ಕೈಯಿಂದ ಕಾಗದ ಕಸಿದು ತಾನೇ ಓದಿ, ಮತ್ತೆ ನನಗೆ ಕೊಟ್ಟ. ಅಪ್ಪ ಗೆದ್ದವನ ಹಾಗೆ ಎಲ್ಲರ ಮುಖವನ್ನೂ ಒಂದು ಸುತ್ತು ನೋಡಿದ. "ನಾ ಹೇಳಿದ್ನಿಲ್ಲೋ? ತಿಳಿಸಿ ಹೇಳಬೇಕು ಮಂದಿಗೆ. ಮುಂದ ಓದವ್ವಾ."

ಮುಂದೆ ಕರಾರು ಇತ್ತು. ಮೂರು ವರ್ಷ ಕಂಪನಿ ಬಿಟ್ಟು ಹೋಗುವಂತಿಲ್ಲ. ಅಷ್ಟೂ ದಿನ ಅರ್ಧ ಪಗಾರ. ರಜೆ ಕಂಪನಿ ಕೊಟ್ಟಾಗ ಮಾತ್ರ. ಬೇರೆ ಕಡೆ ಎಷ್ಟೇ ಒಳ್ಳೆಯ ಕೆಲಸ ಬಂದರೂ ಸೇರುವಂತಿಲ್ಲ. ನಡುವೆ ಬಿಟ್ಟರೆ ಪೂರ್ತಿ ಖರ್ಚಿಗೆ ತಂದೆ ಹೊಣೆ. ಕೊನೆಯಲ್ಲಿ ಮ್ಯಾನೇಜರು ವಿನಯದಿಂದ ಒಂದು ಸಾಲು ಬರೆದಿದ್ದರು: ತಾವು ತಿಳಿಸಿದ ತಮ್ಮ ಮನೆಯ ಪದ್ಧತಿ ನಮಗೆ ಬಹಳ ಹಿಡಿಸಿತು, ಅದನ್ನೇ ಅನುಸರಿಸಿ ಈ ಕರಾರನ್ನು ಮಾಡಿದ್ದೇವೆ.

ಅಪ್ಪನ ಮುಖ ಇಳಿಯಿತು.

"ಮೂರ ವರ್ಷ? ಮನಿಗೆ ಬರಬೇಕಂದ್ರ ಅವರನ್ನ ಕೇಳಬೇಕ? ನಾಳೆ ಯಾರರ ಇದಕ್ಕಿಂತ ಚಲೋ ಕೆಲಸ ಕೊಡತೇನಿ ಬಾ ಅಂದ್ರ?"

"ಹೋಗೂ ಹಂಗಿಲ್ಲಪಾ" ಎಂದೆ.

"ಇದೇನ್ ಜೀತ ಏನು?"

ತಿಪ್ಪಣ್ಣ ಕಾಕಾ ಕುಣಿಯಲ್ಲಿ ಕುಳಿತಲ್ಲಿಂದಲೇ, ಕೈಯಲ್ಲಿ ಲಾಳಿ ಹಿಡಿದುಕೊಂಡು ಹೇಳಿದ: "ನಮ್ಮದೂ ಹಿಂಗ ಇತ್ತರೀ ಅಣ್ಣಾರ. ನಿಮ್ಮದು ಒಂದು ವರ್ಷ, ಅವರದು ಮೂರು. ಅಷ್ಟ ಫರಕ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಹಾಸಿನ ಎಳೆ ಎಷ್ಟು ಎಂದು ಕೇಳಿದರೆ ಹೇಳುವಂತೆ ಹೇಳಿದ.

"ನಿನಗೇನ್ ಕಡಿಮಿ ಮಾಡಿದ್ನಿ ತಿಪ್ಪಣ್ಣ?"

"ಕಡಿಮಿ ಏನೂ ಮಾಡಿಲ್ರಿ. ಚಲೋನ ನಡಿಸಿಕೊಂಡ್ರಿ."

ಅಪ್ಪ ಕೇಳಿದ: "ಆ ವರ್ಷ ನೀ ಎಲ್ಲಿಗರ ಹೋಗೂದಿತ್ತೇನು?"

"ಸೊಲ್ಲಾಪುರಕ್ಕರೀ. ನಮ್ಮ ಅಣ್ಣ ಗಿರಣ್ಯಾಗ ಕೆಲಸ ನೋಡಿದ್ದ. ನಿಮ್ಮ ಮುಂದ ಎರಡ ಸಲ ಕೇಳಿದ್ನಿ. ವರ್ಷ ಮುಗಿಲಿ ಅಂದ್ರಿ. ವರ್ಷ ಮುಗಿಯೂದ್ರಾಗ ಆ ಕೆಲಸ ಬ್ಯಾರೆಯವರಿಗೆ ಹೋತು."

"ನನಗ ನೆನಪಿಲ್ಲಲೋ."

"ನನಗ ನೆನಪೈತ್ರಿ" ಎಂದ ಕಾಕಾ.

ಅಪ್ಪ ಎದ್ದು ಹಿತ್ತಲಿಗೆ ಹೋದ. ಬಹಳ ಹೊತ್ತು ಬರಲಿಲ್ಲ. ಬಂದವನು ಈರಣ್ಣನಿಗೆ, "ಸಹಿ ಮಾಡಬ್ಯಾಡ. ಮಗ್ಗಾ ಮಾರತೇನಿ, ನಿನ್ನ ರೊಕ್ಕದಾಗ ಕಲಿ. ಯಾರ ಹಂಗೂ ಬ್ಯಾಡ" ಎಂದ. ಮೂರು ತಿಂಗಳು ಊರಿಗೇ ವಾದ ಹೇಳಿದ ಮನುಷ್ಯ ಒಂದೇ ಮಾತಿನಲ್ಲಿ ಅದನ್ನೆಲ್ಲ ಬಿಟ್ಟುಕೊಟ್ಟ.

ಅಷ್ಟು ದಿನ ಮ‌ಗ್ಗ ಮಾರು ಮಾರು ಎಂದು ಜೀವ ತಿಂದಿದ್ದ ನನ್ನ ಅಣ್ಣ ಅವತ್ತು ಕೈಯಲ್ಲಿ ಪೆನ್ನು ಹಿಡಿದುಕೊಂಡು ಅಪ್ಪನ ಎದುರು ಕುಳಿತ. "ಮಗ್ಗಾ ಮಾರಿದ್ರ ತಿಪ್ಪಣ್ಣ ಕಾಕಾ ಎರಡನೇ ಸಲ ಕೆಲಸಾ ಕಳ್ಕೋತಾನಪಾ. ಮೂರ ವರ್ಷ ಅಲ್ಲೇನು? ಮಾಡತೇನಿ" ಎಂದು ಸಹಿ ಹಾಕಿದ. ನಾನು ಸಾಕ್ಷಿಯಾಗಿ ನನ್ನ ಹೆಸರು ಬರೆದೆ. ನನ್ನ ಅಣ್ಣನ ಮೇಲೆ ನನಗೆ ಆ ಹೊತ್ತಿನಲ್ಲಿ ಉಕ್ಕಿದ ಪ್ರೀತಿ ಮುಂದೆ ಅವನು ಎಷ್ಟು ಸಿಟ್ಟು ಬರಿಸಿದರೂ ಕಡಿಮೆಯಾಗಲಿಲ್ಲ.

ಹಬ್ಬ ಮುಗಿದ ಮರುದಿನ ಗದಗಿನ ಸ್ಟೇಷನ್ನಿನಲ್ಲಿ ಅವನನ್ನು ರೈಲು ಹತ್ತಿಸಿದೆವು. ಅವ್ವ ಅತ್ತಳು, ನಾನು ಅತ್ತೆ. ಅಪ್ಪ ಟ್ರಂಕಿನ ಕೀಲಿಯ ಬಗ್ಗೆ ಮೂರು ಸಲ ಎಚ್ಚರಿಕೆ ಹೇಳಿದ, ಅಷ್ಟೇ. ಕರಾರಿನ ಆ ಮೂರು ವರ್ಷಗಳಲ್ಲಿ ಈರಣ್ಣ ಎರಡೇ ಸಲ ಊರಿಗೆ ಬಂದ. ನಡುವೆ ನನ್ನ ಮದುವೆಯಾಯಿತು, ಅದಕ್ಕೆ ಅವನಿಗೆ ರಜೆ ಸಿಗಲಿಲ್ಲ. ಆಮೇಲೆ ದೊಡ್ಡ ವಿಮಾನಗಳನ್ನೂ ಹಾರಿಸಿದ, ನಾನು ಶಿರಹಟ್ಟಿ, ಮುಂಡರಗಿ ಎಂದು ಶಾಲೆಯಿಂದ ಶಾಲೆಗೆ ವರ್ಗವಾಗುತ್ತ ಶಿಕ್ಷಕಿಯಾಗಿ ನಿವೃತ್ತಳಾದೆ. ಅದೆಲ್ಲ ಬೇರೆ ಮಾತು.

ಈರಣ್ಣ ಹೋದ ಮೂರು ದಿನಕ್ಕೆ ಅಪ್ಪ ಬಸಪ್ಪನನ್ನು ಮಗ್ಗದಿಂದ ಎಬ್ಬಿಸಿ ನಿಲ್ಲಿಸಿದ. "ನೋಡು, ನೂಲಿನ ಖರ್ಚು ಮೊದಲಿನಂಗ ನಮ್ಮದು. ಕೂಲಿ ಇವತ್ತಿನಿಂದ ಪೂರ್ತಿ. ನಿನಗ ಎಲ್ಲಿಗರ ಹೋಗಬೇಕನಸಿದ್ರ ಇವತ್ತ ಹೋಗಬಹುದು." ಬಸಪ್ಪ ತನ್ನಿಂದ ಏನೋ ತಪ್ಪಾಗಿದೆ ಎಂದುಕೊಂಡು ಕೈ ಮುಗಿದ. ತಿಳಿಯಲು ಅವನಿಗೆ ಒಂದು ದಿನ ಹಿಡಿಯಿತು. ವಾರದೊಳಗೆ ಗಂಟು ಕಟ್ಟಿಕೊಂಡು ಬಂದು ನಿಂತ. ಇಳಕಲ್ಲಿನಲ್ಲಿ ರೇಷ್ಮೆ ನೇಯಲು ಕರೆದಿದ್ದಾರೆ, ಹೆಂಡತಿಯನ್ನೂ ಕರೆದುಕೊಂಡು ಹೋಗುತ್ತೇನೆ ಎಂದ.

ಅವ್ವ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟಳು. ಅವನು ಅಂಗಳ ದಾಟುವವರೆಗೆ ತಡೆದುಕೊಂಡಿದ್ದು ಅಪ್ಪನ ಮೇಲೆ ಹರಿಹಾಯ್ದಳು. "ಮಗ್ಗದಾಗ ಅರ್ಧಾ ಸೀರಿ ಐತಿ. ಅದನ್ನರ ಮುಗಿಸಿ ಹೋಗೋ ಅಂತ ಹೇಳಬಾರದಿತ್ತೇನು?"

"ಹೇಳಿದ್ರ ನಿಲ್ತಿದ್ದ. ಅದಕ್ಕ ಹೇಳಲಿಲ್ಲ."

ಅಪ್ಪ ಹಿಂದೆಯೇ ಹೋಗಿ, ಓಣಿಯ ತುದಿಯವರೆಗೆ ಬಸಪ್ಪನ ಜೊತೆ ನಡೆದು ಕಳಿಸಿಬಂದ. ಬಂದು ತನ್ನ ಮಗ್ಗಕ್ಕೆ ಹೋಗಲಿಲ್ಲ, ಬಸಪ್ಪನ ಕುಣಿಯಲ್ಲಿ ಇಳಿದು ಕುಳಿತ. ಅವನು ಬಿಟ್ಟಲ್ಲಿಂದ ನೇಯತೊಡಗಿದ. ನಾನು ಲಾಳಿಯೊಳಗೆ ಹಾಕುವ ನೂಲಿನ ಕಂಡಿಕಿ ಸುತ್ತುತ್ತ ಎದುರಿಗೇ ಕುಳಿತಿದ್ದೆ. ಮಗನನ್ನು ರೈಲು ಹತ್ತಿಸಿದ ದಿನ ಕಣ್ಣು ಒದ್ದೆ ಮಾಡಿಕೊಳ್ಳದ ಅಪ್ಪ ಈಗ ಲಾಳಿ ಎಸೆಯುತ್ತಲೇ ಅಳುತ್ತಿದ್ದ. ಬಿಕ್ಕುವ ಸದ್ದು ಕೇಳತೊಡಗಿತು. ಪಕ್ಕದ ಮಗ್ಗದ ತಿಪ್ಪಣ್ಣ ಕಾಕಾ ಅವನ ಕಡೆ ನೋಡಲಿಲ್ಲ. ಅಪ್ಪನ ಅಳು ನಮಗ್ಯಾರಿಗೂ ಕೇಳಬಾರದೆಂದು ತನ್ನ ಮಗ್ಗವನ್ನು ಜೋರಾಗಿ ಬಡಿಯತೊಡಗಿದ.